ಮೊರೆವ ಹಳ್ಳದಲ್ಲಿ ಕಾಲೆತ್ತುವ ಕಪ್ಪೆ

ಕಾರ್ತಿಕ ಮಾಸದ ಒಂದು ಅಪರಾಹ್ಣ. ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ದರ್ಶನವನ್ನೂ ಪ್ರಸಾದಭೋಜನವನ್ನೂ ಮುಗಿಸಿಕೊಂಡ ಪ್ರಾಣಿಶಾಸ್ತ್ರದ ಅಧ್ಯಾಪಕನೊಬ್ಬನು, ಕಳಸದ ದಾರಿಯಿಂದ ಸ್ವಲ್ಪ ಒಳಕ್ಕೆ, ಭದ್ರೆಯ ಕಡೆಗೆ ಇಳಿಯುವ ಹಳ್ಳವೊಂದರ ಪಕ್ಕದಲ್ಲಿರುವ ಪರಿಚಿತರ ತೋಟದ ಮನೆಗೆ ಬಂದು ಜಗಲಿಯಲ್ಲಿ ಕುಳಿತಿರುವನು. ಮನೆಯ ಯಜಮಾನರು ಯೌವನದಲ್ಲಿ ಕೆಲವು ವರ್ಷ ಪ್ರಯೋಗಶಾಲೆಯೊಂದರಲ್ಲಿ ದುಡಿದು, ತಂದೆಯವರು ತೀರಿಕೊಂಡ ಮೇಲೆ ತೋಟಕ್ಕೆ ಹಿಂದಿರುಗಿದವರು. ಈಗ ಎಪ್ಪತ್ತನ್ನು ದಾಟಿದವರು. ಕಣದಲ್ಲಿ ಮೊದಲ ಕೊಯ್ಲಿನ ಕಾಫಿ ಹಣ್ಣು ಬಂದು ಬಿದ್ದಿದೆ. ಮಳೆ ಹಿಂದೆ ಸರಿದಿದ್ದರೂ ಹಳ್ಳದ ಸದ್ದು ಇನ್ನೂ ಇಳಿದಿಲ್ಲ.

ಗೃಹಸ್ಥ: ಇಷ್ಟು ದೂರ ಬಂದು ದೇವಿಯಲ್ಲಿ ಏನನ್ನು ಬೇಡಿಕೊಂಡಿರಿ?

ಅತಿಥಿ: ಹೇಳಿದರೆ ನಗುವಿರಿ. ಅನ್ನವನ್ನೂ ಆಯುಷ್ಯವನ್ನೂ ಬೇಡುವ ಸನ್ನಿಧಿಯಲ್ಲಿ ನಿಂತು ನಾನು ಬೇಡಿಕೊಂಡದ್ದು ಎರಡು ಸಂಶೋಧನಾ ಲೇಖನಗಳನ್ನು. ಮುಂದಿನ ತಿಂಗಳು ಬಡ್ತಿಯ ಸಂದರ್ಶನವಿದೆ. ಇಪ್ಪತ್ತೊಂದು ಆಗಿವೆ, ಇಪ್ಪತ್ತಮೂರಾದರೆ ಚಿಂತೆಯಿಲ್ಲವೆಂದು ತಿಳಿದವರು ಹೇಳಿದ್ದಾರೆ. ಎದುರಿಗೆ ಸಿಕ್ಕವರೆಲ್ಲ ಕ್ಷೇಮಸಮಾಚಾರಕ್ಕೆ ಬದಲಾಗಿ “ಎಷ್ಟು ಪೇಪರ್ ಆಯಿತು?” ಎಂದೇ ಕೇಳುವರು.

ಗೃಹಸ್ಥ: ಇಪ್ಪತ್ತೊಂದರಲ್ಲಿ ಇಲ್ಲದ ಯಾವ ಜ್ಞಾನವು ಇಪ್ಪತ್ತಮೂರರಲ್ಲಿ ಬಂದು ಸೇರುವುದೋ ನಾನರಿಯೆ. ನಮ್ಮ ಕಾಲದಲ್ಲಿ ಹೇಳುವುದೇನಾದರೂ ಇದ್ದವನು ಬರೆಯುತ್ತಿದ್ದನು, ಇಲ್ಲದವನು ಸುಮ್ಮನಿರುತ್ತಿದ್ದನು. ಆ ಮೌನಕ್ಕೂ ಒಂದು ಮರ್ಯಾದೆಯಿತ್ತು.

ಅತಿಥಿ: ಆ ಮೌನದ ಮರೆಯಲ್ಲಿ, ತಾವು ವಿದ್ಯಾರ್ಥಿಗಳಾಗಿದ್ದಾಗ ಬರೆದುಕೊಂಡ ಟಿಪ್ಪಣಿಯನ್ನೇ ಮೂವತ್ತು ವರ್ಷ ಓದಿ ಹೇಳಿ, ಹಾಳೆ ಹಳದಿಯಾದಂತೆಲ್ಲ ಪದವಿಯಲ್ಲಿ ಮೇಲೇರಿ, ಹಾರ ಹಾಕಿಸಿಕೊಂಡು ನಿವೃತ್ತರಾದವರನ್ನೂ ನಾನು ಕಂಡಿದ್ದೇನೆ. ಆಗ ಬಡ್ತಿಯನ್ನು ನಿರ್ಣಯಿಸುತ್ತಿದ್ದುದು ಯಾವುದು? ಯಾರ ಕಡೆಯವನು, ಯಾವ ಜಾತಿಯವನು, ಯಾರ ಪತ್ರವನ್ನು ತಂದವನು ಎಂಬ ವಿಚಾರಣೆಯಲ್ಲವೆ? ಹೋಟೆಲಿನಲ್ಲಿ ಎಲೆ ಎತ್ತಿ ಓದಿದ ನನ್ನಂಥವನಿಗೆ, 2010ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ನೇಮಕಕ್ಕೂ ಬಡ್ತಿಗೂ ಅಂಕಗಳ ಪದ್ಧತಿಯನ್ನು ತಂದು, ತಜ್ಞರು ಪರಿಶೀಲಿಸಿದ ಪತ್ರಿಕೆಯಲ್ಲಿ ಒಂದು ಲೇಖನ ಬಂದರೆ 15 ಅಂಕವೆಂದು ವಿಧಿಸಿದಾಗ, ಅದು ಸಂಕೋಲೆಯಾಗಿ ಕಾಣಲಿಲ್ಲ, ಊರುಗೋಲಾಗಿ ಕಂಡಿತು. ಅಂಕಕ್ಕೆ ಜಾತಿಯಿಲ್ಲ, ಬೀಗರಿಲ್ಲ ಎಂದುಕೊಂಡೆ.

ಗೃಹಸ್ಥ: ನಿಮ್ಮ ಮಾತು ನನ್ನ ಬಾಯನ್ನು ಕಟ್ಟಿತು, ಏಕೆಂದರೆ ಅದೇ ಕಾರಣಕ್ಕಾಗಿ ನಾನೂ ಅದೇ ಕೆಲಸವನ್ನು ಮಾಡಿದವನು. ಹಿಂದೆ ಕೊಯ್ಲಿಗೆ ದಿನಗೂಲಿ ಕೊಡುತ್ತಿದ್ದೆವು. ಯಾರು ಚೆನ್ನಾಗಿ ಕೊಯ್ದರು, ಯಾರು ಹರಟೆ ಹೊಡೆದರು ಎಂಬುದನ್ನು ಮೇಸ್ತ್ರಿಯೇ ಹೇಳಬೇಕು. ಮೇಸ್ತ್ರಿಗೆ ಬೇಕಾದವರು ಯಾವಾಗಲೂ ಚೆನ್ನಾಗಿಯೇ ಕೊಯ್ಯುತ್ತಿದ್ದರು. ಅದನ್ನು ಸಹಿಸಲಾರದೆ ಕಿಲೋ ಲೆಕ್ಕವನ್ನು ತಂದೆನು. ತಕ್ಕಡಿಗೆ ಪಕ್ಷಪಾತವಿಲ್ಲ, ನಿಜ. ಆದರೆ ಒಂದೊಂದೇ ಕೆಂಪು ಹಣ್ಣನ್ನು ಆರಿಸಿ ಬಿಡಿಸುತ್ತಿದ್ದ ಅದೇ ಕೈಗಳು ಈಗ ರೆಂಬೆಯನ್ನು ಮುಷ್ಟಿಯಲ್ಲಿ ಹಿಡಿದು ಬುಡದಿಂದ ತುದಿಯವರೆಗೆ ಎಳೆಯತೊಡಗಿದುವು. ಕೆಂಪಿನೊಡನೆ ಹಸಿರೂ, ಹಸಿರಿನೊಡನೆ ಎಲೆಯೂ, ಬರುವ ವರ್ಷ ಹೂವಾಗಬೇಕಾದ ಗಿಣ್ಣಿನ ಮೊಗ್ಗೂ ಬುಟ್ಟಿಗೆ ಬಿದ್ದುವು. ಇಗೋ, ಕಣದಲ್ಲಿ ನೋಡಿ: ಆ ಹಸಿರು ಕಾಯಿಗಳೆಲ್ಲವೂ ತೂಕದಲ್ಲಿ ಕೆಂಪಿಗೆ ಸಮಾನವಾದುವು, ಬಟ್ಟಲಿನಲ್ಲಿ ಮಾತ್ರ ಅಲ್ಲ.

ಅತಿಥಿ: ಹಾಗಾದರೆ ತಪ್ಪು ಕೊಯ್ಯುವವಳದೋ, ತೂಗುವವನದೋ?

ಗೃಹಸ್ಥ: ಅದನ್ನು ಆಮೇಲೆ ಹೇಳುವೆನು. ಮೊದಲು ನಿಮ್ಮ ಬುಟ್ಟಿಯ ವಿಷಯವನ್ನು ಕೇಳೋಣ.

ಅತಿಥಿ: ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಮೂರು ಮಳೆಗಾಲ ಒಂದೇ ತೊರೆಯ ದಂಡೆಯಲ್ಲಿ ಕುಳಿತು ನೋಡಿದುದನ್ನು ಒಂದೇ ಪ್ರಬಂಧವಾಗಿ ಬರೆದಿದ್ದರೆ ಅದಕ್ಕೊಂದು ಆಕಾರವಿರುತ್ತಿತ್ತು. ಆದರೆ ಇಡಿಯ ಹಲಸಿನ ಹಣ್ಣಿಗೆ ಒಂದೇ ಬೆಲೆ; ತೊಳೆ ಬಿಡಿಸಿ ಮಾರಿದರೆ ತೊಳೆಗೊಂದು ಬೆಲೆ. ಆದುದರಿಂದ ನೀರಿನ ಉಷ್ಣತೆಯದೊಂದು, ಕಪ್ಪೆಯ ಅಳತೆಯದೊಂದು, ಕೂಗಿನದೊಂದು, ಹೀಗೆ ಐದು ಮಾಡಿದೆನು. ಅವುಗಳಲ್ಲಿ ಎರಡಕ್ಕೆ, ತೊರೆಯನ್ನೇ ನೋಡದ ಇಬ್ಬರ ಹೆಸರು ಸೇರಿತು. ಅವರ ಎರಡಕ್ಕೆ, ಅವರ ಪ್ರಯೋಗವನ್ನೇ ನೋಡದ ನನ್ನ ಹೆಸರು ಸೇರಿತು. ಪಂಕ್ತಿಯಲ್ಲಿ ಕುಳಿತವರೆಲ್ಲರೂ ಅಡಿಗೆ ಮಾಡಿದವರೆಂದು ಬರೆಸಿದಂತಾಯಿತು. ಇನ್ನೂ ಬೇಕಾಗಿರುವ ಎರಡಕ್ಕೀಗ ಬೇರೊಂದು ದಾರಿ ತೋರಿದೆ. ಹಣ ಕೊಟ್ಟರೆ ಹತ್ತು ದಿನದಲ್ಲಿ ಅಚ್ಚು ಹಾಕುವ ಪತ್ರಿಕೆಯೊಂದುಂಟು. ಪರಿಶೀಲನೆಯ ಪತ್ರವನ್ನೂ ಅವರೇ ಬರೆದುಕೊಳ್ಳುವರಂತೆ. ಇಂದು ರಾತ್ರಿಯೊಳಗೆ ಶುಲ್ಕವನ್ನು ಕಳಿಸಬೇಕು. ತಮ್ಮಲ್ಲಿ ಫೋನಿಗೆ ಸಿಗ್ನಲ್ ಸಿಗುವುದೆ?

ಗೃಹಸ್ಥ: ಗೇಟಿನ ಬಳಿಯ ಹಲಸಿನ ಮರದ ಕೆಳಗೆ ಸಿಗುವುದು, ಮನೆಯಲ್ಲಿ ಇಲ್ಲ. ರಾತ್ರಿಗೆ ಇನ್ನೂ ಸಮಯವಿದೆ, ಕುಳಿತುಕೊಳ್ಳಿ. ಇಂತಹ ಪತ್ರಿಕೆಗಳನ್ನು ಆಯೋಗದವರು ತಡೆಯಲಿಲ್ಲವೆ?

ಅತಿಥಿ: ತಡೆಯಲು ಹೆಣಗಿದರು. ಇಂಥಿಂಥ ಪತ್ರಿಕೆಗಳು ಮಾತ್ರ ಸಲ್ಲುವುವೆಂದು ಪಟ್ಟಿಯನ್ನು ಮಾಡಿದರು. ಆ ಪಟ್ಟಿಯೊಳಗೇ ಕಳ್ಳಮಾಲು ಹೊಕ್ಕಿತೆಂದು 2018ರ ಮೇ ತಿಂಗಳಲ್ಲಿ ಒಂದೇ ಸಲಕ್ಕೆ 4,305 ಪತ್ರಿಕೆಗಳನ್ನು ಕಿತ್ತುಹಾಕಿದರು. 2019ರಲ್ಲಿ ‘ಕೇರ್’ ಎಂಬ ಹೊಸ ಪಟ್ಟಿ ಬಂದಿತು. ಅದರೊಳಗಿನ ಪತ್ರಿಕೆಗಳ ಹೆಸರನ್ನೇ ಕದ್ದು ಸುಳ್ಳು ಪತ್ರಿಕೆಗಳು ಹುಟ್ಟಿದುವು. 2025ರ ಫೆಬ್ರವರಿಯಲ್ಲಿ ಆ ಪಟ್ಟಿಯನ್ನೂ ಕೈಬಿಟ್ಟರು. ಪಿಎಚ್.ಡಿ. ಮಹಾಪ್ರಬಂಧವನ್ನು ಒಪ್ಪಿಸುವ ಮುನ್ನ ಲೇಖನವೊಂದನ್ನು ಪ್ರಕಟಿಸಲೇಬೇಕೆಂದು 2009ರಲ್ಲಿ ಬಂದಿದ್ದ ನಿಯಮವು 2022ರ ನವೆಂಬರಿನಲ್ಲಿ ಹೋಯಿತು. ನಿಯಮ ಹೋಯಿತೇ ಹೊರತು ಅಭ್ಯಾಸ ಹೋಗಲಿಲ್ಲ. ನಮ್ಮ ಕಾಲೇಜಿನ ನಮೂನೆಯಲ್ಲಿ ಆ ಅಂಕಣವು ಇನ್ನೂ ಬಾಯ್ದೆರೆದು ಕುಳಿತಿದೆ.

ಗೃಹಸ್ಥ: ಅಂದರೆ, ಹಣ್ಣು ಕೆಂಪೋ ಹಸಿರೋ ಎಂದು ತಿಳಿಯುವುದಕ್ಕಾಗಿ ಬುಟ್ಟಿ ಹೆಣೆದವರ ಹೆಸರುಗಳ ಪಟ್ಟಿಯನ್ನು ತರಿಸಿಕೊಂಡರು. ಬುಟ್ಟಿಯೊಳಕ್ಕೆ ಯಾರೂ ಬಗ್ಗಿ ನೋಡಲಿಲ್ಲ.

ಅತಿಥಿ: ಬಗ್ಗಿ ನೋಡಲು ಸಮಯವೆಲ್ಲಿ? ಒಂದು ಹುದ್ದೆಗೆ ಇನ್ನೂರು ಅರ್ಜಿಗಳು ಬಂದರೆ, ಅರ್ಜಿಗೆ ಇಪ್ಪತ್ತು ಲೇಖನಗಳಂತೆ ಯಾರು ಓದಬಲ್ಲರು?

ಗೃಹಸ್ಥ: ಇಪ್ಪತ್ತನ್ನು ಬರೆಯಿಸಿದವರೇ, ಇಪ್ಪತ್ತನ್ನು ಓದಲಾರೆವೆಂದು ಹೇಳುವುದು ವಿಚಿತ್ರವಾದ ನ್ಯಾಯ. ಇರಲಿ. ನನಗೆ ಇದಕ್ಕಿಂತ ಹೆಚ್ಚು ಕಳವಳವನ್ನು ಉಂಟುಮಾಡುವುದು ಕಾಲದ ಪ್ರಶ್ನೆ. ಕಾಫಿಯ ವಿಷಯವನ್ನೇ ತೆಗೆದುಕೊಳ್ಳಿ. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗವು ಅಲ್ಲಿಯ ಕಾಫಿಯನ್ನು ತಿಂದುಹಾಕಿ ಅಲ್ಲಿಯ ಬೆಟ್ಟಗಳನ್ನೆಲ್ಲ ಚಹಾದ ಬೆಟ್ಟಗಳನ್ನಾಗಿ ಮಾಡಿತಷ್ಟೆ. ಅದೇ ರೋಗವು ನಮ್ಮ ಮಲೆಗಳಿಗೂ ಬಂದಿಳಿದಿತ್ತು. ಮೈಸೂರು ಸರ್ಕಾರದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್‌ಮನ್ನರ ಕಾಲದಲ್ಲಿ, 1925ರಲ್ಲಿ, ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗಕೇಂದ್ರವು ಆರಂಭವಾಯಿತು. ಆ ಕೇಂದ್ರದ ಹೆಸರನ್ನು ಮನೆಮನೆಗೆ ತಲುಪಿಸಿದ ಎಸ್. 795 ಎಂಬ ತಳಿಯು ಬೆಳೆಗಾರನ ಕೈಗೆ ಬಂದುದು ಯಾವಾಗ? 1940ರ ದಶಕದ ನಡುವಿನಲ್ಲಿ. ಸುಮಾರು ಇಪ್ಪತ್ತು ವರ್ಷ! ಅರೇಬಿಕ ಗಿಡವು ಮೂರನೆಯ ನಾಲ್ಕನೆಯ ವರ್ಷದಲ್ಲಿ ಮೊದಲ ಫಸಲನ್ನು ತೋರಿಸುವುದು. ಒಂದು ವರ್ಷ ಹೆಚ್ಚು ಬಿಟ್ಟರೆ ಮರುವರ್ಷ ಕಡಿಮೆ ಬಿಡುವುದು. ಹಲವು ಫಸಲುಗಳನ್ನು ನೋಡದೆ ಅದರ ಗುಣವನ್ನು ಹೇಳಬರುವಂತಿಲ್ಲ. ಅದರ ಮಗುವಿನ ಗುಣವನ್ನು ಹೇಳಬೇಕಾದರೆ ಮತ್ತೆ ಅಷ್ಟೇ ಕಾಲ ಕಾಯಬೇಕು. ಆ ಇಪ್ಪತ್ತು ವರ್ಷಗಳಲ್ಲಿ ಪ್ರತಿ ಮಾರ್ಚಿಯಲ್ಲಿಯೂ ಯಾರಾದರೂ ಬಂದು “ಈ ವರ್ಷ ಎಷ್ಟು?” ಎಂದು ಕೇಳುತ್ತಿದ್ದರೆ ಏನನ್ನು ಹೇಳಬೇಕಿತ್ತು? ಗಿಡ ಬೆಳೆಯುತ್ತಿದೆ ಎಂದಲ್ಲವೆ?

ಅತಿಥಿ: “ಗಿಡ ಬೆಳೆಯುತ್ತಿದೆ” ಎಂಬುದಕ್ಕೆ ನಮ್ಮ ನಮೂನೆಯಲ್ಲಿ ಸೊನ್ನೆ ಅಂಕ.

ಗೃಹಸ್ಥ: ಅವಸರದಿಂದ ಬರೆದವನು ಸುಳ್ಳುಗಾರನಾಗಬೇಕಾಗಿಲ್ಲ; ಎಳೆಯ ನಿಜವನ್ನು ಬಲಿತ ನಿಜವೆಂದು ಹೇಳಿದರೂ ಸಾಕು, ಅಪಾಯವಾಗುವುದು. 1985ರಲ್ಲಿ ‘ಕಾವೇರಿ’ ಎಂಬ ತಳಿಯು ಬಂದಾಗ, ಗಿಡ್ಡಗೆ, ದಟ್ಟವಾಗಿ, ಬೇಗನೆ ಫಲ ಕೊಡುವ, ತುಕ್ಕಿಗೆ ಬಗ್ಗದ ಆ ಗಿಡವನ್ನು ನೋಡಿ ನಾವೆಲ್ಲರೂ ಹಿಗ್ಗಿದೆವು. ಅದನ್ನು ಕೊಟ್ಟವರು ಹೇಳಿದುದು ಅಂದಿಗೆ ನಿಜವೇ ಆಗಿತ್ತು. ಆದರೆ ತುಕ್ಕು ಸುಮ್ಮನೆ ಕುಳಿತಿರಲಿಲ್ಲ. ಅದೂ ತನ್ನ ಸಂಶೋಧನೆಯನ್ನು ನಡೆಸಿ, ಹೊಸ ಹೊಸ ಬಗೆಗಳನ್ನು ಹಡೆದು, ಕಾವೇರಿಯನ್ನೂ ಹತ್ತಿತು. ತಲತಲಾಂತರದಿಂದ ಸಂಶೋಧಿಸಿಕೊಂಡು ಬಂದಿರುವ ಇಂಥ ಶತ್ರುವಿನೆದುರು ನಾವು ವಾರ್ಷಿಕ ವರದಿಯನ್ನು ಹಿಡಿದು ನಿಲ್ಲುವೆವು.

ಅತಿಥಿ: ಈ ಮಾತನ್ನು ಒಪ್ಪುವೆನು, ಆದರೆ ಇದರಿಂದ ತಾವು ‘ತಡಮಾಡುವುದೇ ಪಾಂಡಿತ್ಯ’ ಎಂಬ ಸಿದ್ಧಾಂತಕ್ಕೆ ಹೋಗುವುದಾದರೆ ನಾನು ಬರಲಾರೆ. ರಾಮನ್ನರು 1928ರ ಫೆಬ್ರವರಿ 28ರಂದು ಕಲ್ಕತ್ತದಲ್ಲಿ ಕಂಡ ಬೆಳಕಿನ ಪರಿಣಾಮವನ್ನು ಮರುದಿನವೇ ವೃತ್ತಪತ್ರಿಕೆಗಳಿಗೆ ತಿಳಿಸಿದರು. ಅದೇ ತಿಂಗಳಿನಲ್ಲಿ ಮಾಸ್ಕೋದಲ್ಲಿ ಇಬ್ಬರು ವಿಜ್ಞಾನಿಗಳು ಸ್ಫಟಿಕದಲ್ಲಿ ಅದನ್ನೇ ಕಂಡಿದ್ದರು. ಅವಸರ ಮಾಡದಿದ್ದಿದ್ದರೆ ಆ ಪರಿಣಾಮಕ್ಕೆ ಇಂದು ಬೇರೆ ಹೆಸರಿರುತ್ತಿತ್ತೋ ಏನೋ. ಇನ್ನು ನಮ್ಮ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರನ್ನು ನೋಡಿ. ಮೈಸೂರಿನ ಬಳಿಯ ‘ರಾಂಪುರ’ದಲ್ಲಿ 1948ರಲ್ಲಿ ವಾಸವಾಗಿದ್ದು ಬರೆದುಕೊಂಡ ಟಿಪ್ಪಣಿಗಳನ್ನು ವಿಂಗಡಿಸಿ ಮೂರು ಪ್ರತಿ ಮಾಡಿಟ್ಟುಕೊಂಡಿದ್ದರು, 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಯಾರೋ ಇಟ್ಟ ಬೆಂಕಿಗೆ ಮೂರೂ ಆಹುತಿಯಾದುವು. ಆಮೇಲೆ ಆ ಊರನ್ನು ಕುರಿತು ನೆನಪಿನಿಂದ ಬರೆದ ಗ್ರಂಥವು 1976ರಲ್ಲಿ ಹೊರಬಂದು ಕೀರ್ತಿಯನ್ನು ಪಡೆದುದು ಅವರ ಪ್ರತಿಭೆ. ಆದರೆ ಇಪ್ಪತ್ತೆರಡು ವರ್ಷ ತಡಮಾಡಿದ ಎಲ್ಲರಿಗೂ ಅಂತಹ ನೆನಪಿರುವುದೆ? ಅಚ್ಚಾಗದ ವಿದ್ಯೆಯು ಬೆಂಕಿಯ ಬಾಯಲ್ಲಿರುವ ವಿದ್ಯೆ.

ಗೃಹಸ್ಥ: ಸರಿಯಾಗಿ ಹಿಡಿದಿರಿ. ಹಾಗಾದರೆ ಕೆಟ್ಟದ್ದು ವೇಗವೂ ಅಲ್ಲ, ನಿಧಾನವೂ ಅಲ್ಲ. ಮತ್ತಾವುದು?

ಅತಿಥಿ: ಇದಕ್ಕೆ ಉತ್ತರವು ನನ್ನ ಕಪ್ಪೆಯಲ್ಲಿದೆ ಎಂದು ಕೆಲವು ವೇಳೆ ತೋರುವುದು. ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿರುವ ಕೊಟ್ಟಿಗೆಹಾರದ ಹೆಸರನ್ನು ಹೊತ್ತ ಕಪ್ಪೆಯೊಂದುಂಟು, ಹೆಬ್ಬೆರಳಿನ ಗಾತ್ರದ್ದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರು 1937ರಲ್ಲಿ, ರಾಮನ್ನರು ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ, ದಕ್ಷಿಣ ಭಾರತದ ಇತರ ಹಲವು ಕಪ್ಪೆಗಳೊಡನೆ ಇದನ್ನೂ ವರ್ಣಿಸಿದರು. ಬೆಂಗಳೂರಿನಿಂದ 1932ರಲ್ಲಿ ಹೊರಟ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಪ್ರಕಟನೆಯೆಂದರೆ ಏನೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಆಗ ಈ ಸೀಮೆಯಲ್ಲಿ ವಿರಳ. ಕಾಲೇಜಿನಲ್ಲಿ ಅವರು ಕೂಡಿಟ್ಟಿದ್ದ ಮಾದರಿಗಳು ಕಾಲಾಂತರದಲ್ಲಿ ಕಳೆದುಹೋದುವು. ಸೀಸೆಯೂ ಇಲ್ಲ, ಕಪ್ಪೆಯೂ ಇಲ್ಲ. ಉಳಿದುದು ಅಚ್ಚಾದ ಕೆಲವು ಪಂಕ್ತಿಗಳು ಮಾತ್ರ. ಅವುಗಳನ್ನು ಹಿಡಿದುಕೊಂಡು, ದಶಕಗಳು ಕಳೆದ ಮೇಲೆ, ಬೇರೆಯವರು ಘಟ್ಟದ ತೊರೆಗಳಲ್ಲಿ ಅಲೆದು, ಇದೇ ಅದು ಎಂದು ಮತ್ತೆ ಗುರುತಿಸಿದರು. ಹುಟ್ಟದೆ ಇದ್ದ ಓದುಗನಿಗಾಗಿ ಬರೆದ ಕಾಗದವದು.

ಗೃಹಸ್ಥ: ಆ ಕಪ್ಪೆ ನಮ್ಮ ಹಳ್ಳದಲ್ಲಿಯೂ ಇದೆಯೆಂದು ಕಾಣುತ್ತದೆ. ಒದ್ದೆ ಬಂಡೆಯ ಮೇಲೆ ಕುಳಿತು ಹಿಂಗಾಲನ್ನು ಚಾಚಿ ಬೀಸುವುದು ತಾನೆ?

ಅತಿಥಿ: ಅದೇ, ಇಲ್ಲವೆ ಅದರ ದಾಯಾದಿ. ಅದು ಏಕೆ ಹಾಗೆ ಮಾಡುವುದೆಂದರೆ, ಮೊರೆಯುವ ನೀರಿನಲ್ಲಿ ಅಷ್ಟು ಚಿಕ್ಕ ಗಂಟಲಿನ ಕೂಗು ಕೇಳಿಸುವುದು ಕಷ್ಟ. ಕೂಗಿ ನೋಡುವುದು, ಮತ್ತೊಂದು ಗಂಡು ಸಮೀಪಿಸಿದರೆ ಕಾಲನ್ನೆತ್ತಿ, ಬೆರಳ ನಡುವಿನ ಪೊರೆಯನ್ನು ಬಿಡಿಸಿ, ಬಾವುಟದಂತೆ ತೋರುವುದು. ನಾವೂ ಈಗ ಅದೇ ಸ್ಥಿತಿಯಲ್ಲಿದ್ದೇವೆ. ಲೇಖನಗಳ ಪ್ರವಾಹದ ಮೊರೆತದಲ್ಲಿ ಯಾರ ಧ್ವನಿಯೂ ಯಾರಿಗೂ ಕೇಳದು. ಆದುದರಿಂದ ಎಲ್ಲರೂ ಕಾಲೆತ್ತಿ ನಿಂತಿದ್ದೇವೆ.

ಗೃಹಸ್ಥ: ಹೋಲಿಕೆ ಚೆನ್ನಾಗಿದೆ, ಆದರೆ ಒಂದು ಕಡೆ ತಪ್ಪಿದೆ. ಕಪ್ಪೆ ಕಾಲೆತ್ತುವುದು ಎದುರಿಗೆ ಇನ್ನೊಂದು ಕಪ್ಪೆಯಿರುವುದರಿಂದ. ತನ್ನ ಜಾತಿಯ ಕಣ್ಣೊಂದು ತನ್ನನ್ನು ನೋಡುತ್ತಿದೆಯೆಂಬ ಭರವಸೆಯಿಂದ. ನೀವು ಕಾಲೆತ್ತುವುದು ದಂಡೆಯ ಮೇಲೆ ಕುಳಿತು ಎಷ್ಟು ಕಾಲುಗಳು ಎದ್ದುವೆಂದು ಎಣಿಸುವ ಗುಮಾಸ್ತೆಗಾಗಿ. ನಾರಾಯಣರಾಯರು ಬರೆದಾಗ ಅವರ ಕಣ್ಣೆದುರಿಗೆ ಓದುಗನಿದ್ದನು, ಅವನು ಇನ್ನೂ ಹುಟ್ಟದಿದ್ದರೂ. ಕೋಲ್‌ಮನ್ನರು 1910ರಲ್ಲಿ ಅಡಕೆಯ ಕೊಳೆರೋಗದ ಮೇಲೆ ಬರೆದರಲ್ಲ, ಅವರ ಎದುರಿಗೆ, ಕೊನೆಗಳಿಗೆ ಕೊಟ್ಟೆ ಕಟ್ಟಿ ಕಟ್ಟಿ ಸೋತ ಮಲೆನಾಡಿನ ಅಡಕೆಯವನಿದ್ದನು; ಮೈಲುತುತ್ತ ಸುಣ್ಣಗಳ ಮದ್ದು ಆ ಕಾಗದದಿಂದ ಇಳಿದು ಮರವನ್ನು ಹತ್ತಿತು. ‘ಕೊಳೆರೋಗ’ ಎಂಬ ನಮ್ಮ ಮಾತೇ, ಅದಕ್ಕೂ ಹಿಂದೆ, ಕಾಫಿಯ ಒಂದು ಶಿಲೀಂಧ್ರದ ಲ್ಯಾಟಿನ್ ಹೆಸರಿನೊಳಕ್ಕೆ ಹೋಗಿ ಕುಳಿತಿದೆ. ತೋಟದವನು ಹೇಳಿದುದನ್ನು ಶಾಸ್ತ್ರದವನು ಕೇಳಿಸಿಕೊಂಡುದರ ಗುರುತು ಅದು. ನಿಮ್ಮ ಇಪ್ಪತ್ತೊಂದರ ಎದುರಿಗೆ ಯಾರಿದ್ದರು?

ಅತಿಥಿ: ಯಾರೂ ಇರಲಿಲ್ಲ ಎನ್ನಲು ನಾಚಿಕೆಯಾಗುತ್ತದೆ. ಸಮಿತಿಯಿತ್ತು. ನನ್ನನ್ನು ಈ ಶಾಸ್ತ್ರಕ್ಕೆ ಎಳೆದುದು ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ. ಹಾರುವ ಓತಿಯನ್ನು ಹುಡುಕಿಕೊಂಡು ಹೋದ ಆ ವಿಜ್ಞಾನಿಗೆ ಕೊನೆಯಲ್ಲಿ ಅದು ಕೈಗೆ ದಕ್ಕದೆ ಪ್ರಪಾತದ ಮೇಲೆ ತೇಲಿ ಹೋಯಿತಷ್ಟೆ. ಓದಿದ ದಿನ ಅದಕ್ಕಿಂತ ದೊಡ್ಡ ಲಾಭವಿಲ್ಲವೆಂದು ತೋರಿತ್ತು. ಈಗ ಯೋಚಿಸಿದರೆ, ತಪ್ಪಿಸಿಕೊಂಡ ಓತಿಯನ್ನು ಯಾವ ಅಂಕಣದಲ್ಲಿ ತುಂಬುವುದೆಂದು ಭಯವಾಗುತ್ತದೆ. ಆದರೆ ಎಣಿಕೆಯೇ ಬೇಡವೆಂದರೆ ಮತ್ತೆ ನಿಮ್ಮ ಮೇಸ್ತ್ರಿಯ ಕಾಲವೇ ಬರುವುದಲ್ಲವೆ?

ಗೃಹಸ್ಥ: ಎಣಿಕೆ ಬೇಡವೆಂದು ಹೇಳಲಾರೆ. ನಿತ್ಯ ಸಾವಿರಾರು ಮಂದಿಗೆ ಬಡಿಸುವ ಕಡೆ ಉಗ್ರಾಣಿಯು ಎಷ್ಟು ಎಲೆ ಬಿದ್ದುವೆಂದು ಎಣಿಸದಿದ್ದರೆ ನಾಳೆಗೆ ಎಷ್ಟು ಅಕ್ಕಿ ಹಾಕಬೇಕೆಂದು ತಿಳಿಯದು. ಅವನ ಲೆಕ್ಕವು ಅಡಿಗೆಯವನಿಗೆ ಬೇಕಾದ ಲೆಕ್ಕ. ಅದನ್ನೇ ಹಿಡಿದು, ಇಂದಿನ ಸಾರಿಗೆ ಉಪ್ಪು ಸರಿಯಾಗಿತ್ತೆಂದು ಸಾಧಿಸಹೊರಟರೆ ಉಗ್ರಾಣಿಯೇ ನಗುವನು. ಅದಕ್ಕೆ ಒಬ್ಬನಾದರೂ ರುಚಿ ನೋಡಬೇಕು. ಆಗ ಕೇಳಿದಿರಲ್ಲ, ತಪ್ಪು ಯಾರದೆಂದು: ತೂಗುವುದು ತಪ್ಪಲ್ಲ, ತೂಗಿದ ಮೇಲೆ ಬುಟ್ಟಿಯನ್ನು ಸುರುವಿ ನೋಡದಿರುವುದು ತಪ್ಪು. ಈಗ ನಾನು ಕಿಲೋ ಲೆಕ್ಕವನ್ನು ಬಿಟ್ಟಿಲ್ಲ. ಆದರೆ ಸಂಜೆ ಕಣದಲ್ಲಿ ನಿಂತು ಪ್ರತಿಯೊಬ್ಬರ ಬುಟ್ಟಿಯಿಂದಲೂ ಒಂದು ಬೊಗಸೆ ತೆಗೆದು ನೋಡುತ್ತೇನೆ. ಎಲ್ಲವನ್ನೂ ನೋಡಬೇಕಾಗಿಲ್ಲ, ಬೊಗಸೆ ಸಾಕು. ಬೊಗಸೆ ಎತ್ತುವರೆಂದು ತಿಳಿದ ಮೇಲೆ ಕೈಗಳು ತಾವೇ ಕೆಂಪನ್ನು ಹುಡುಕುತ್ತವೆ. ನಿಮ್ಮ ಸಮಿತಿಯವರೂ ಇಪ್ಪತ್ತನ್ನು ಎಣಿಸುವುದಕ್ಕೆ ಬದಲಾಗಿ, “ನಿಮಗೆ ಮೆಚ್ಚಿಕೆಯಾದ ಒಂದನ್ನು ಕೊಡಿ, ಓದಿಕೊಂಡು ಬಂದು ಮಾತನಾಡುತ್ತೇವೆ” ಎಂದರೆ ಸಾಕಾಗಿತ್ತು.

ಅತಿಥಿ: ಅಂಥ ಸಮಿತಿಯನ್ನು ನಾನು ಕಾಣೆ.

ಗೃಹಸ್ಥ: ಸದ್ಯಕ್ಕೆ ನಾನೇ ಸಮಿತಿ. ನಿಮ್ಮ ಚೀಲದಲ್ಲಿ ಎಲ್ಲವೂ ಇರಬೇಕಲ್ಲ, ಒಂದನ್ನು ಕೊಡಿ.

(ಅತಿಥಿಯು ಚೀಲದಿಂದ ದಪ್ಪನಾದ ಕಡತವನ್ನು ತೆಗೆದು, ಬಹಳ ಹೊತ್ತು ಮಗುಚಿ ನೋಡಿ, ಕಡತವನ್ನು ಹಾಗೆಯೇ ಮುಚ್ಚಿಟ್ಟು, ಚೀಲದ ಪಕ್ಕದ ಜೇಬಿನಿಂದ ಮಡಿಸಿದ ನಾಲ್ಕು ಪುಟಗಳನ್ನು ಹೊರತೆಗೆಯುವನು.)

ಅತಿಥಿ: ಇದು ಇಪ್ಪತ್ತೊಂದರಲ್ಲಿ ಸೇರಿಲ್ಲ. ನಿಸರ್ಗಾಸಕ್ತರ ಸಣ್ಣ ಬಳಗವೊಂದರ ಸಂಚಿಕೆಗಾಗಿ ಕನ್ನಡದಲ್ಲಿ ಬರೆದುದು. ಇದಕ್ಕೆ ಅಂಕವಿಲ್ಲ.

(ಗೃಹಸ್ಥರು ಕನ್ನಡಕವನ್ನು ಏರಿಸಿಕೊಂಡು ನಿಧಾನವಾಗಿ ಓದುವರು. ಕಣದಲ್ಲಿ ಹಣ್ಣನ್ನು ರಾಶಿ ಮಾಡುವ ಸದ್ದು ನಿಲ್ಲುವುದು. ಕತ್ತಲಾಗುತ್ತ ಬರುವುದು.)

ಗೃಹಸ್ಥ: ಮೂರನೆಯ ಪುಟದಲ್ಲಿ, ಕಪ್ಪೆ ಮೊದಲು ಕೂಗಿ ಆಮೇಲೆ ಕಾಲನ್ನು ಎತ್ತುವುದೆಂದು ಬರೆದಿದ್ದೀರಿ. ನಮ್ಮ ಹಳ್ಳದಲ್ಲಿ, ಮಳೆ ಮರುಕಳಿಸಿ ನೀರು ಒಮ್ಮೆಲೇ ಏರಿದ ದಿನ, ಅದು ಗಂಟಲನ್ನು ಉಬ್ಬಿಸದೆಯೇ ಕಾಲೆತ್ತಿದುದನ್ನು ನೋಡಿದ ನೆನಪು ನನಗಿದೆ. ನಾನು ತಪ್ಪು ನೋಡಿರಲೂಬಹುದು.

ಅತಿಥಿ: ಯಾವ ದಿನ? ಬೆಳಗ್ಗೆಯೋ ಮಧ್ಯಾಹ್ನವೋ? ಒಂದೇ ಕಪ್ಪೆಯೆ?

ಗೃಹಸ್ಥ: ಹೋದ ವರ್ಷ ದೀಪಾವಳಿಯ ಮರುವಾರ, ಬೆಳಗಿನ ಹೊತ್ತು. ಎರಡೋ ಮೂರೋ ಇದ್ದುವು. ಬಂಡೆಯನ್ನು ತೋರಿಸಬಲ್ಲೆ, ಏಲಕ್ಕಿಯ ಪಟ್ಟಿಯ ಕೆಳಗೆ.

ಅತಿಥಿ: ಇಪ್ಪತ್ತೊಂದರ ಮೇಲೆಯೂ ನನ್ನನ್ನು ಯಾರೂ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಗೃಹಸ್ಥ: ರಾತ್ರಿಯಾಗುತ್ತ ಬಂತು. ನೀವು ಗೇಟಿನ ಬಳಿಗೆ ಹೋಗಬೇಕೆಂದಿದ್ದಿರಿ, ಟಾರ್ಚು ಕೊಡಲೆ?

ಅತಿಥಿ: ಟಾರ್ಚು ಇರಲಿ. ಬೆಳಕು ಹರಿಯುವ ಮುಂಚೆ ಹಳ್ಳಕ್ಕೆ ಇಳಿಯಬೇಕಾದರೆ ಬೇಕಾದೀತು.